ಗುಳಿಯಿಲ್ಲದ ನಳಿಕೆ

ಫಿಲಿಪಾ ಸ್ಟ್ರೇಯರ್ ಅವರ ಹಿತ್ತಲಲ್ಲಿ ಆ ಬೆಳಿಗ್ಗೆ ತಾಮ್ರದ ಹಂಡೆಯಲ್ಲಿ ಸೇಬು ಕುದಿಯುತ್ತಿತ್ತು. ಉದ್ದ ಹಿಡಿಯ ಮರದ ಹುಟ್ಟಿನಿಂದ ಅದನ್ನು ತಿರುವುವ ಕೆಲಸ ಪಶುವೈದ್ಯ ಏಮಸ್ ಬ್ರೆನೆಮನ್ ಅವರ ಪಾಲಿಗೆ ಬಂದಿತ್ತು. ನೋಯುವ ಮಂಡಿಯನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದ ಫಿಲಿಪಾ ಹೋಳು ಹೆಚ್ಚುತ್ತಲೇ, ಡಾಕ್ಟರು ಹಸುವಿನ ಹೊಟ್ಟೆಯೊಳಗೆ ಕೈ ಹಾಕಿದವರ ಹಾಗೆ ತಿರುವುತ್ತಿದ್ದಾರೆಂದೂ, ತಳ ಹಿಡಿದರೆ ವರ್ಷವಿಡೀ ಸೀದ ಸೇಬನ್ನೇ ಬ್ರೆಡ್ಡಿಗೆ ಸವರಿಕೊಳ್ಳಬೇಕಾಗುತ್ತದೆಂದೂ ಛೇಡಿಸುತ್ತಿದ್ದರು.

ಲೋಹದ ಮೇಲೆ ಉಳಿಯುವ ಗುರುತುಗಳನ್ನು ಓದುವುದೇ ಆಕೆಯ ನೌಕರಿಯಾಗಿತ್ತು. ರಾಜ್ಯದ ಅಪರಾಧ ಪ್ರಯೋಗಾಲಯದಲ್ಲಿ ಅರ್ಧ ಆಯುಷ್ಯವನ್ನು ಸೂಕ್ಷ್ಮದರ್ಶಕದ ಮುಂದೆ ಕಳೆದು, ನಿವೃತ್ತಿಯಾಗಿ ಜುನಿಯಾಟಾ ಹೊಳೆಯ ಈ ಕಣಿವೆಗೆ ಮರಳಿದ್ದರು. ಬಿಡಿಸಲಾಗದ ಗಂಟುಗಳನ್ನು ಜನ ಈಗಲೂ ಅವರ ಬಾಗಿಲಿಗೇ ತರುತ್ತಿದ್ದರು. ಕಾರು ಓಡಿಸಲು ಮಂಡಿ ಬಿಡುತ್ತಿರಲಿಲ್ಲವಾದ್ದರಿಂದ ಅವರನ್ನು ಅಲ್ಲಿಗೆ ಇಲ್ಲಿಗೆ ಕರೆದೊಯ್ಯುವವರು ಏಮಸ್. ಇಬ್ಬರೂ ಒಂದೇ ವಸ್ತುವನ್ನು ಒಂದೇ ಹೊತ್ತು ನೋಡಿ ಬಂದರೂ ತಾವು ಅರ್ಧವನ್ನೂ ನೋಡಿರಲಿಲ್ಲವೆಂಬುದು ಏಮಸ್‌ಗೆ ಪ್ರತಿ ಸಲವೂ ಮನೆಗೆ ಬಂದ ಮೇಲೆ ತಿಳಿಯುತ್ತಿತ್ತು.

ಗೇಟಿನ ಬಳಿ ಟಪಾಲು ಹಂಚುವ ಲಿಯೋನಾ ಫೆಟ್ಟರಾಲ್ಫಳ ವ್ಯಾನು ನಿಂತಿತು. ಆದರೆ ಇಳಿದು ಬಂದವನು ವೆಂಡೆಲ್ ಕ್ರಾಟ್ಸ್. ಕಣಿವೆಯ ಮಂದಿಗೆಲ್ಲ ಬಂದೂಕು ಕೂಡಿಸಿಕೊಡುವ, ಕೆಟ್ಟರೆ ಸರಿಮಾಡುವ ಮುದುಕ. ಕಂಕುಳಲ್ಲಿ ಕ್ಯಾನ್ವಾಸಿನಲ್ಲಿ ಸುತ್ತಿದ ಉದ್ದದ ಗಂಟೊಂದಿತ್ತು. ಲಿಯೋನಾ ಸ್ಟಿಯರಿಂಗ್ ಹಿಡಿದು ಒಳಗೇ ಕೂತಿದ್ದಳು.

"ಮಿಸೆಸ್ ಸ್ಟ್ರೇಯರ್, ಇದನ್ನ ನೋಡಿ ಒಂದು ಮಾತು ಹೇಳ್ಬೇಕು. ತಪ್ಪು ನನ್ನದೇ ಆಗಿದ್ರೆ ಮುಚ್ಚಿಡಬೇಡಿ," ಎಂದ ಕ್ರಾಟ್ಸ್.

"ಭಾನುವಾರದ್ದಾ?"

ಅವನು ತಲೆಯಾಡಿಸಿದ.

ಭಾನುವಾರ ನಡೆದದ್ದು ಏಮಸ್ ಅವರ ಕಣ್ಣೆದುರಿಗೇ ಆಗಿತ್ತು. ರೈಫಲ್ ಕ್ಲಬ್ಬಿನ ಶರತ್ಕಾಲದ ಸ್ಪರ್ಧೆಯಲ್ಲಿ ಲಿಯೋನಾಳ ಅಂಕ ಬರೆದುಕೊಳ್ಳಲು ಕೂತವರು ಅವರೇ. ನಿಂತು ನಿಧಾನವಾಗಿ ಹೊಡೆಯುವ ಮೊದಲ ಸುತ್ತಿನಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಕೂತು ಬಿರುಸಾಗಿ ಹೊಡೆಯುವ ಎರಡನೆಯ ಸುತ್ತಿನಲ್ಲಿ ಕ್ರಾಟ್ಸ್ ಕೂಡಿಸಿಕೊಟ್ಟ ರೈಫಲ್ಲು ಕೈಕೊಟ್ಟಿತು. ಗುಂಡು ಹಾರುತ್ತಿತ್ತು, ಮುಂದಿನ ತೋಟಾ ಮಾತ್ರ ಒಳಗೆ ಬರುತ್ತಿರಲಿಲ್ಲ. ಪ್ರತಿ ಸಲವೂ ಹಿಡಿ ಎಳೆದು ತಾನೇ ತುಂಬಿಕೊಳ್ಳುವಷ್ಟರಲ್ಲಿ ಹೊತ್ತು ಮುಗಿದು, ರಾಜ್ಯದ ತಂಡದಲ್ಲಿ ಅವಳಿಗಿದ್ದ ಜಾಗ ಹೋಯಿತು.

ಈ ರೈಫಲ್ಲುಗಳು ತಾವೇ ತುಂಬಿಕೊಳ್ಳುವ ಬಗೆಯನ್ನು ಮೊದಲ ಸಲ ತಿಳಿದಾಗ ಏಮಸ್ ಬೆರಗಾಗಿದ್ದರು. ನಳಿಕೆಯ ಮೈಯಲ್ಲಿ ಒಂದು ಸಣ್ಣ ತೂತು. ಗುಂಡು ಅದನ್ನು ದಾಟಿ ಬಾಯಿಯಿಂದ ಹೊರಬೀಳುವುದರೊಳಗಿನ ಕ್ಷಣದ ಚೂರಿನಲ್ಲಿ, ಬೆನ್ನಟ್ಟಿ ಬರುವ ಬಿಸಿ ಅನಿಲದ ಒಂದು ಚಿಟಿಕೆ ಆ ತೂತಿನಿಂದ ಮೇಲೇಳುತ್ತದೆ. ತೂತಿನ ಮೇಲೆ ಉಂಗುರದಂತೆ ಕೂತ ಗ್ಯಾಸ್ ಬ್ಲಾಕ್ ಎಂಬ ಉಕ್ಕಿನ ತುಂಡು ಅದನ್ನು ಹಿಡಿದು ತೆಳ್ಳನೆಯ ಕೊಳವೆಯಲ್ಲಿ ಹಿಂದಕ್ಕೆ ಕಳಿಸುತ್ತದೆ. ಆ ಒಂದು ಊದಿಗೆ, ತೋಟಾವನ್ನು ಒಳಗೆ ತಳ್ಳುವ ಬೋಲ್ಟು ಹಿಂದೆ ಸರಿದು, ಖಾಲಿ ತೋಟಾ ಹಾರಿ, ಹೊಸತು ಒಳಗೆ ಬಂದು ಕೂರುತ್ತದೆ. ಕರು ಹುಟ್ಟಿ ಮೊದಲ ಉಸಿರೆಳೆಯುವುದನ್ನು ನೂರಾರು ಸಲ ಕಂಡ ಏಮಸ್‌ಗೆ ಇದೂ ಉಸಿರಿನ ಹಾಗೆಯೇ ಕಾಣುತ್ತಿತ್ತು. ಬ್ಲಾಕಿನ ತೂತೂ ನಳಿಕೆಯ ತೂತೂ ಒಂದರ ಮೇಲೊಂದು ನೆಟ್ಟಗೆ ಕೂತರಷ್ಟೇ ಆ ಉಸಿರು.

ಸ್ಪರ್ಧೆ ಮುಗಿದ ಕೂಡಲೇ ಸಮಿತಿಯವರೆದುರು ರೈಫಲ್ ಬಿಚ್ಚಿದವನು ಹೆದ್ದಾರಿಯ ಪಕ್ಕ ಹೊಸ ಅಂಗಡಿ ಇಟ್ಟ ಕರ್ಟಿಸ್ ಆಕರ್. ಬ್ಲಾಕು ತೂತಿನಿಂದ ಸರಿದು ಕೂತಿತ್ತು. ಅದನ್ನು ತೆಗೆದಾಗ ಇನ್ನೂ ದೊಡ್ಡದೊಂದು ಕಂಡಿತು. ಬ್ಲಾಕನ್ನು ಹಿಡಿಯುವ ಸ್ಕ್ರೂ ತುದಿ ಕೂರಲೆಂದು ನಳಿಕೆಯ ಅಡಿಮೈಯಲ್ಲಿ ಒಂದು ಸಣ್ಣ ಗುಳಿ ಕೊರೆಯುವುದು ಕಸುಬಿನ ವಾಡಿಕೆ. ಇಲ್ಲಿ ಗುಳಿಯೇ ಇರಲಿಲ್ಲ. "ಕೂರೋಕೆ ಜಾಗ ಇಲ್ದೆ ಜಾರಿದೆ. ಮುದುಕಪ್ಪನಿಗೆ ಗುಳಿ ಹೊಡೆಯೋದೇ ಮರೆತುಹೋಗಿದೆ," ಎಂದು ಕರ್ಟಿಸ್ ನಳಿಕೆಯನ್ನು ಎಲ್ಲರ ಮುಂದೆ ಎತ್ತಿ ತೋರಿಸಿದ್ದ. ಸೋಮವಾರದಿಂದಲೇ ಜನ ಕ್ರಾಟ್ಸ್‌ನ ಅಂಗಡಿಗೆ ಬಂದು ರಿಪೇರಿಗೆ ಬಿಟ್ಟ ಬಂದೂಕುಗಳನ್ನು ಎತ್ತಿಕೊಂಡು ಹೋಗತೊಡಗಿದರು. ಅವನು ಕೂಡಿಸಿದ ರೈಫಲ್ಲುಗಳನ್ನು ಕ್ಲಬ್ಬಿನ ಮೈದಾನಕ್ಕೆ ಬಿಡಬೇಕೋ ಬೇಡವೋ ಎಂದು ಶನಿವಾರ ಸಮಿತಿ ಮತ ಹಾಕುವುದಿತ್ತು. ಕಣಿವೆಗೆಲ್ಲ ಇದ್ದದ್ದು ಅದೊಂದೇ ಮೈದಾನ.

"ಗುಳಿ ಹೊಡೀದೆ ಒಂದು ನಳಿಕೆನೂ ನನ್ನ ಅಂಗಡಿ ದಾಟಿಲ್ಲ ಅಂತ ಎದೆ ತಟ್ಕೊಂಡು ಹೇಳ್ತಿದ್ದೆ," ಎಂದ ಕ್ರಾಟ್ಸ್. "ಇದನ್ನ ಕಣ್ಣಾರೆ ನೋಡ್ದೆ, ಗುಳಿ ಇಲ್ಲ. ಹೆಂಡ್ತಿ ಹೋದ್ಮೇಲೆ ಕಾಫಿ ಪಾತ್ರೆ ಒಲೆ ಮೇಲೆ ಇಟ್ಟು ಮರೆತು ಎರಡು ಸಲ ಸುಟ್ಟಿದೀನಿ. ಇದನ್ನೂ ಮರೆತೆನೇನೋ. ನನ್ನ ಕೈನ ತಪ್ಪು ಅಂತಾದ್ರೆ ಅವರು ಮತ ಹಾಕೋಕೆ ಮುಂಚೆ ಬಾಗಿಲು ನಾನೇ ಹಾಕ್ತೀನಿ. ನಾನು ಕೂಡಿಸಿದ್ದು ಯಾರದ್ದಾದ್ರೂ ಕಣ್ಣು ತೆಗೆಯೋದು ಬೇಡ."

ಫಿಲಿಪಾ ಚಾಕು ಕೆಳಗಿಟ್ಟರು. "ಬ್ಲಾಕು ಹೇಗೆ ಕೂರಿಸ್ತೀಯ, ಮೊದಲಿಂದ ಹೇಳು. ನಮ್ಮ ಡಾಕ್ಟ್ರಿಗೆ ಅರ್ಥ ಆಗೋ ಹಾಗೆ."

ಕೆಲಸದ ಮಾತು ಬಂದದ್ದೇ ಮುದುಕನ ದನಿ ಗಟ್ಟಿಯಾಯಿತು. ದಪ್ಪಗಿರುವ ನಳಿಕೆ ಬ್ಲಾಕ್ ಕೂರುವ ಕಡೆ ಸಣ್ಣಗಾಗುತ್ತದೆ, ಅಲ್ಲೊಂದು ಮೆಟ್ಟಿಲು ಉಂಟಾಗುತ್ತದೆ. ಸೈನ್ಯದ ಹಳೆಯ ರೈಫಲ್ಲಿನಲ್ಲಿ, ಬಿಸಿ ನಳಿಕೆ ಕೈಗೆ ತಾಗದಂತೆ ಇರುವ ಕೈಕವಚದ ತುದಿಯನ್ನು ಹಿಡಿಯುವ ತಗಡಿನ ಬಳೆಯೊಂದು ಆ ಮೆಟ್ಟಿಲಿಗೂ ಬ್ಲಾಕಿಗೂ ನಡುವೆ ಕೂರುತ್ತಿತ್ತು. ಬಳೆಯ ದಪ್ಪವನ್ನು ಲೆಕ್ಕ ಹಿಡಿದೇ ನಳಿಕೆಯ ತೂತನ್ನು ಎಲ್ಲಿ ಕೊರೆಯಬೇಕೆಂದು ಆಗ ಗೊತ್ತುಮಾಡಿದ್ದರು. ಸ್ಪರ್ಧೆಯ ಈಗಿನ ರೈಫಲ್ಲುಗಳ ಕವಚ ನಳಿಕೆಯನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಬಳೆಯೂ ಇಲ್ಲ. ತೂತು ಮಾತ್ರ ಹಳೆಯ ಜಾಗದಲ್ಲೇ ಉಳಿದಿದೆ. ಅದಕ್ಕೆ ತಾನು ಬಳೆಯಷ್ಟೇ ದಪ್ಪದ ಉಕ್ಕಿನ ಚೂರನ್ನು ನಡುವೆ ಇಟ್ಟು ಬ್ಲಾಕನ್ನು ಒತ್ತುತ್ತೇನೆ, ಮಟ್ಟ ನೋಡಿ ಗುಳಿ ಕೊರೆದು ಸ್ಕ್ರೂ ಬಿಗಿದ ಮೇಲೆ ಚೂರನ್ನು ಎಳೆದುಕೊಳ್ಳುತ್ತೇನೆ ಎಂದು ಕ್ರಾಟ್ಸ್ ವಿವರಿಸಿದ.

"ಇಲ್ಲದ ಬಳೆಗೆ ಜಾಗ ಬಿಡ್ತೀಯ ಅನ್ನು," ಎಂದರು ಏಮಸ್.

"ಹೂಂ ಡಾಕ್ಟ್ರೇ. ಸತ್ತೋರಿಗೂ ಊಟದ ಮೇಜಲ್ಲಿ ಒಂದು ಕುರ್ಚಿ ಬಿಡ್ತಾರಲ್ಲ, ಹಾಗೆ."

ಫಿಲಿಪಾ ವ್ಯಾನಿನ ಕಡೆ ಕೈಬೀಸಿದರು. ಲಿಯೋನಾ ಇಳಿದು ಬಂದಳು, ಆದರೆ ಕ್ರಾಟ್ಸ್‌ನ ಪಕ್ಕ ನಿಲ್ಲಲಿಲ್ಲ. ಸಿಟ್ಟಿತ್ತು, ಅದನ್ನು ಯಾರ ಮೇಲೆ ಇಳಿಸಬೇಕೆಂದು ಮಾತ್ರ ತಿಳಿಯದೆ ಅವಳೇ ಅವನನ್ನು ಕರೆತಂದಿದ್ದಳು. ನಳಿಕೆಯ ಕತೆಯನ್ನು ಫಿಲಿಪಾ ಕೇಳಿದಾಗ ಅವಳ ದನಿ ಸ್ವಲ್ಪ ಇಳಿಯಿತು. ಅದು ತೀರಿಕೊಂಡ ಎಲ್ಡನ್ ಶೈವ್ಲಿ ಮಾಡಿದ ಕಟ್ಟಕಡೆಯ ನಳಿಕೆ. ಹೊರಗಿನ ಕೆಲಸವನ್ನು ಆಳಿಗೆ ಬಿಟ್ಟರೂ ಒಳಗಿನ ಕೊನೆಯ ನಯವನ್ನು ಶೈವ್ಲಿ ಬಾಗಿಲು ಹಾಕಿಕೊಂಡು ತಾನೇ ಉಜ್ಜುತ್ತಿದ್ದ. ಹೊರಗೆ ಹೆಸರನ್ನಾಗಲಿ ಅಂಕಿಯನ್ನಾಗಲಿ ಕೆತ್ತುತ್ತಿರಲಿಲ್ಲ. ಯಾರದ್ದೆಂದು ತಿಳಿಯಬೇಕಾದವರು ಒಳಗೆ ಇಣುಕಲಿ ಎನ್ನುತ್ತಿದ್ದ. ಅದರಲ್ಲಿ ಹೊಡೆಯುವಾಗ ಗುಂಡು ತನ್ನ ದಾರಿಯನ್ನು ಮೊದಲೇ ಬಲ್ಲಂತೆ ಹೋಗುತ್ತದೆ, ತಾನು ಕೆಡಿಸದೆ ಇದ್ದರೆ ಸಾಕು ಎಂದಳು ಲಿಯೋನಾ. ಮೂರು ಹಂಗಾಮು ಅವಳು ಬೇರೆ ನಳಿಕೆ ಮುಟ್ಟಿರಲಿಲ್ಲ.

"ಭಾನುವಾರ ಮೊದಲನೇ ಸುತ್ತಲ್ಲಿ ಎಲ್ಲ ಸರಿ ಇತ್ತಾ?"

"ಅದರಲ್ಲಿ ಒಂದೊಂದೇ ತೋಟಾ ಕೈಯಲ್ಲಿ ಹಾಕೋದು. ಬೋಲ್ಟು ಹಿಂದೆ ನಿಲ್ತಿರ್ಲಿಲ್ಲ, ಎಳ್ಕೊಂಡೇ ಹೊಡೆದೆ. ತೋಟಾ ತುಂಬೋ ಮ್ಯಾಗಜೀನು ಹಾಳಾಗಿದೆ ಅಂದ್ಕೊಂಡೆ. ಮೊದಲೆರಡು ಗುಂಡು ಎಡಕ್ಕೆ ಬಿತ್ತು. ಗಾಳಿ ಅಂತ ಗುರಿ ತಿದ್ದಿದೆ, ಆಮೇಲೆ ಸರಿಹೋಯ್ತು."

ಏಮಸ್ ತಿರುವುವುದನ್ನು ನಿಲ್ಲಿಸಿದರು. "ಗಾಳಿ ಎಲ್ಲಿತ್ತಮ್ಮ? ಬೆಳಿಗ್ಗೆಯೆಲ್ಲ ಬಾವುಟ ಒದ್ದೆ ಬಟ್ಟೆ ಥರ ಜೋತು ಬಿದ್ದಿತ್ತು."

"ತಿರುವಿ ಡಾಕ್ಟ್ರೇ," ಎಂದರು ಫಿಲಿಪಾ. ಆದರೆ ಅವರ ಕಣ್ಣು ಹಂಡೆಯ ಮೇಲಿರಲಿಲ್ಲ.

ಸ್ಪರ್ಧೆಗೆ ಮುಂಚಿನ ವಾರ ರೈಫಲ್ ಎಲ್ಲಿತ್ತು ಎಂಬುದು ಅವರ ಮುಂದಿನ ಪ್ರಶ್ನೆ. ಲಿಯೋನಾಳ ಮನೆಯ ಮಾಡು ಬಿಚ್ಚಿ ಹಾಕಿದ್ದರಿಂದ ಅದನ್ನು ಕ್ಲಬ್ಬಿನ ಉಕ್ಕಿನ ಬಾಗಿಲಿನ ಕೋಣೆಯಲ್ಲಿ ಇಟ್ಟಿದ್ದಳು. ಮೈದಾನದ ಮಣ್ಣಿನ ದಿಬ್ಬ ಸರಿಪಡಿಸುವ ಕೆಲಸ ನಡೆದು ಆ ವಾರ ಯಾರೂ ಗುಂಡು ಹಾರಿಸುವಂತಿರಲಿಲ್ಲ. ಕೋಣೆಯ ಬೀಗದ ಕೈ ಮೂವರ ಬಳಿ ಇತ್ತು. ಕ್ರಾಟ್ಸ್ ಒಬ್ಬ. ಮೈದಾನದ ಉಸ್ತುವಾರಿ ಹೊತ್ತ ಕರ್ಟಿಸ್ ಆಕರ್ ಇನ್ನೊಬ್ಬ. ಮೂರನೆಯವನು ಮರ್ಲ್ ಹಾಪ್ಟ್, ಕ್ಲಬ್ಬಿನ ಬಂದೂಕುಗಳನ್ನು ನೋಡಿಕೊಳ್ಳುವವನು. ಬಹುಕಾಲ ಸೈನ್ಯದ ಡಿಪೋದಲ್ಲಿ ರೈಫಲ್ ರಿಪೇರಿ ಮಾಡಿ, ಆಮೇಲೆ ಶೈವ್ಲಿ ಸಾಯುವವರೆಗೂ ಅವನ ಕೈಕೆಳಗೆ ದುಡಿದವನು. ಭಾನುವಾರ ರೈಫಲ್ ಬಿಚ್ಚುವಾಗ ಅವನು ದೂರದಲ್ಲಿ ಗುರಿಹಲಗೆಗಳನ್ನು ಇಳಿಸುತ್ತಿದ್ದ.

"ಕರ್ಟಿಸ್ ಸ್ಕ್ರೂ ಬಿಚ್ಚಿದಾಗ ಸಲೀಸಾಗಿ ಬಂತಾ?"

ಇದಕ್ಕೆ ಏಮಸ್ ಉತ್ತರ ಕೊಡಬಲ್ಲವರಾಗಿದ್ದರು. ಕರ್ಟಿಸ್ ಬಯ್ಯುತ್ತಾ ಬೆವರುತ್ತಾ ಎರಡು ಸಲ ಸಲಕರಣೆ ಬದಲಿಸಿದ್ದ.

ಹಂಡೆಯ ಉರಿ ತಗ್ಗಿಸಿ ಎಲ್ಲರೂ ಒಳಗೆ ಹೋದರು. ಅಡಿಗೆಮನೆಯ ಮೇಜಿನ ಮೇಲೆ ಫಿಲಿಪಾರ ಹಳೆಯ ಸೂಕ್ಷ್ಮದರ್ಶಕ ಎದ್ದು ನಿಂತಿತು. ಆಕೆ ಮೊದಲು ಬ್ಲಾಕಿನ ಒಳಮೈಯನ್ನು, ಆಮೇಲೆ ನಳಿಕೆಯನ್ನು ಬಹಳ ಹೊತ್ತು ನೋಡಿ, ಕುರ್ಚಿಯನ್ನು ಏಮಸ್‌ಗೆ ಬಿಟ್ಟುಕೊಟ್ಟರು.

ಏಮಸ್ ಬಗ್ಗಿದರು. ಅಂಗೈಯಲ್ಲಿ ಅಡಗುವ ಉಕ್ಕಿನ ತುಂಡೊಂದು ಗವಿಯಾಗಿ ತೆರೆದುಕೊಂಡಿತು. ಬ್ಲಾಕಿನ ತೂತಿನ ಸುತ್ತ ಗಟ್ಟಿ ಕಪ್ಪಿನ ಮಸಿಯ ಉಂಗುರವಿತ್ತು. ತೂತೇ ಕೇಂದ್ರವಾಗಿ, ಕೈವಾರದಿಂದ ಎಳೆದಷ್ಟು ದುಂಡಗೆ. ಅದರ ಅಂಚನ್ನು ಹತ್ತಿಕೊಂಡು, ಸ್ವಲ್ಪ ಮುಂದಕ್ಕೆ ಸರಿದ ಇನ್ನೊಂದು ಉಂಗುರ, ಬೂದಿಯಂತೆ ತೆಳ್ಳಗೆ. ನಳಿಕೆಯ ತೂತಿನ ಸುತ್ತ ಇದ್ದದ್ದು ತೆಳ್ಳನೆಯದು ಒಂದೇ. ಅದರ ಅಂಚು ಎಲ್ಲೂ ಕದಡಿರಲಿಲ್ಲ. ಬ್ಲಾಕಿನ ಹಿಂಬದಿಯ ಅಂಚಿನಲ್ಲಿ ಕೂದಲೆಳೆಯಂಥ ಹೊಸ ಹೊಳಪಿನ ಗೆರೆಯೊಂದಿತ್ತು. ತುದಿಯಲ್ಲಿ ದೀಪವಿರುವ ಸಣ್ಣ ಕೊಳವೆಯನ್ನು ನಳಿಕೆಯೊಳಗೆ ಇಳಿಸಿದಾಗ, ಗುಂಡನ್ನು ತಿರುಗಿಸುವ ಗೆರೆಗಳು ಬೆಳಕಿನ ಬಳ್ಳಿಗಳಾಗಿ ಸುತ್ತಿ ಸುತ್ತಿ ದೂರಕ್ಕೆ ಹೋದವು. ಅನಿಲದ ತೂತಿನ ಒಳ ಅಂಚು ಹೊಸ ನಾಣ್ಯದ ಅಂಚಿನಷ್ಟು ಚೂಪಾಗಿತ್ತು. ಏಮಸ್ ನೋಡುತ್ತಲೇ ಇದ್ದರು. ಬೆಂಕಿ ಹಾದುಹೋದ ದಾರಿ ಇಷ್ಟು ಶಾಂತವಾಗಿ ಇರಬಹುದೆಂದು ಅವರು ಎಣಿಸಿರಲಿಲ್ಲ.

"ಕಂಡಿತಾ?" ಎಂದು ಕೇಳಿದರು ಫಿಲಿಪಾ.

"ಕಂಡಿತು. ತಿಳೀಲಿಲ್ಲ."

"ಅಷ್ಟಾದ್ರೆ ಅರ್ಧ ಆಯ್ತು. ಶನಿವಾರದ ತನಕ ಯಾರೂ ಬಾಯಿ ಬಿಡಬೇಡಿ. ವೆಂಡೆಲ್, ನಿನ್ನ ಗುಜರಿಯಿಂದ ಒಂದು ಬೋಳು ನಳಿಕೆ, ಒಂದು ಬ್ಲಾಕು ಡಾಕ್ಟ್ರ ಹತ್ರ ಕಳಿಸು." ತಪ್ಪು ತನ್ನದೋ ಅಲ್ಲವೋ ಎಂದು ಕ್ರಾಟ್ಸ್ ಮತ್ತೆ ಕೇಳಿದ. ತಾನು ಅರ್ಧ ಮಾತು ಹೇಳುವವಳಲ್ಲ, ಶನಿವಾರ ಪೂರ್ತಿ ಹೇಳುತ್ತೇನೆ ಎಂದು ಫಿಲಿಪಾ ಅವನ ಕೈಗೆ ಬಿಸಿ ಸೇಬಿನ ಬಟ್ಟಲು ಕೊಟ್ಟು ಕಳಿಸಿದರು.

ಶನಿವಾರ ಬೆಳಿಗ್ಗೆ ಕ್ಲಬ್ಬಿನ ಮನೆ ತುಂಬಿತ್ತು. ಕಾಫಿಯ ಪಾತ್ರೆ, ಕಾಕಂಬಿಯ ಪೈ, ಗೋಡೆಯುದ್ದಕ್ಕೂ ನಿಂತ ಜನ. ಸಮಿತಿಯ ಅಧ್ಯಕ್ಷರು ಮತಕ್ಕೆ ಹಾಕುವ ಮೊದಲು ಮಿಸೆಸ್ ಸ್ಟ್ರೇಯರ್ ಎರಡು ಮಾತು ಹೇಳುತ್ತಾರಂತೆ ಎಂದರು. ಫಿಲಿಪಾ ಊರುಗೋಲು ಹಿಡಿದು ಎದ್ದು, ಮಾತು ಆಮೇಲೆ, ಮೊದಲು ಒಂದು ಕೆಲಸ ಎಂದರು. ಮೂಲೆಯ ತಟ್ಟಿಯ ಹಿಂದೆ ಬೋಳು ನಳಿಕೆಯೊಂದನ್ನು ಕಬ್ಬಿಣದ ಇಕ್ಕಳದಲ್ಲಿ ಬಿಗಿಯಲಾಗಿತ್ತು, ಪಕ್ಕದಲ್ಲಿ ಬ್ಲಾಕು. ಕೋಣೆಯ ಬೀಗದ ಕೈ ಇರುವ ಮೂವರೂ ಒಬ್ಬೊಬ್ಬರಾಗಿ ಹೋಗಿ, ಲಿಯೋನಾಳ ರೈಫಲ್ಲಿನಂತೆ ಬಳೆಯಿಲ್ಲದ ರೈಫಲ್ಲಿಗೆಂದು ಬ್ಲಾಕನ್ನು ಕೂರಿಸಿ ಬರಬೇಕು.

"ಇದೇನು, ಚಿಕ್ಕ ಮಕ್ಕಳ ಪರೀಕ್ಷೆನಾ ಮಿಸೆಸ್ ಸ್ಟ್ರೇಯರ್?" ಎಂದ ಕರ್ಟಿಸ್.

"ಫೇಲಾಗೋ ಭಯ ಇದ್ರೆ ಕೊನೇಲಿ ಹೋಗು."

ನಗು ಎದ್ದಿತು. ಕರ್ಟಿಸ್ ಮೊದಲು ಹೋಗಿ ಬಂದ. ತಟ್ಟಿಯ ಹಿಂದೆ ನಿಂತಿದ್ದ ಏಮಸ್, ಫಿಲಿಪಾ ಹೇಳಿಕೊಟ್ಟಂತೆ, ಮೆಟ್ಟಿಲಿಗೂ ಬ್ಲಾಕಿಗೂ ನಡುವೆ ಕಾಗದದ ಪಟ್ಟಿ ತೂರಿಸಿ ನೋಡಿದರು. ಸಲೀಸಾಗಿ ಹೋಯಿತು. ಬ್ಲಾಕನ್ನು ಕಳಚಿಟ್ಟರು. ಕ್ರಾಟ್ಸ್ ಬಂದ, ಉಕ್ಕಿನ ಚೂರನ್ನು ನಡುವೆ ಇಟ್ಟು ಬ್ಲಾಕನ್ನು ಬಿಗಿದು ಚೂರನ್ನು ಎಳೆದುಕೊಂಡ. ಮತ್ತೆ ಕಾಗದ ಹೋಯಿತು. ಆಮೇಲೆ ಮರ್ಲ್ ಹಾಪ್ಟ್ ಬಂದ. ಎತ್ತರದ, ಮಾತು ಕಡಿಮೆಯ ಮನುಷ್ಯ. ನಳಿಕೆಯನ್ನು ಬಟ್ಟೆಯಿಂದ ಒರೆಸಿ, ಬ್ಲಾಕನ್ನು ಮೆಟ್ಟಿಲಿಗೆ ತಾಗುವವರೆಗೂ ಒತ್ತಿ, ಗೆಣ್ಣಿನಿಂದ ಎರಡು ಸಲ ತಟ್ಟಿ ಬಿಗಿದ. ಅದರಲ್ಲಿ ಅನುಮಾನವಾಗಲಿ ಅವಸರವಾಗಲಿ ಇರಲಿಲ್ಲ. ವರ್ಷಾನುಗಟ್ಟಲೆ ಸಾವಿರಾರು ಸಲ ಹಾಗೆ ಮಾಡಿದ ಕೈ ಅದು.

ಅವನು ಹೊರಗೆ ಹೋದ ಮೇಲೆ ಏಮಸ್ ಕಾಗದ ಒತ್ತಿದರು. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ಕಾಗದ ಮಡಿಚಿಕೊಂಡಿತು.

ಹೊರಗೆ ಬಂದು ಏಮಸ್ ಮೂವರ ಫಲವನ್ನೂ ಓದಿದರು. ಯಾರಿಗೂ ಏನೂ ತಿಳಿಯಲಿಲ್ಲ. ಕ್ರಾಟ್ಸ್ ಒಬ್ಬ ನಿಧಾನವಾಗಿ ತಲೆಯೆತ್ತಿ ಹಾಪ್ಟ್‌ನತ್ತ ನೋಡಿದ.

"ಈಗ ಹೇಳ್ತೀನಿ," ಎಂದು ಫಿಲಿಪಾ ಕೂತುಕೊಂಡರು. "ನಳಿಕೆಯಲ್ಲಿ ಗುಳಿ ಇಲ್ಲ ಅಂತ ಕಂಡ ಮೇಲೆ ಯಾರೂ ಇನ್ನೇನನ್ನೂ ನೋಡ್ಲಿಲ್ಲ. ವೆಂಡೆಲ್ ಕೂಡ."

ಬ್ಲಾಕು ಜಾರಿತು ಎಂದು ಎಲ್ಲರೂ ಅಂದುಕೊಂಡರು, ಆದರೆ ಸ್ಕ್ರೂ ಬಿಚ್ಚಲು ಕರ್ಟಿಸ್ ಬೆವರಬೇಕಾಯಿತು. ಜಾರಿದ್ದರೆ ನಳಿಕೆಯ ಮೇಲಿನ ಮಸಿ ಎಳೆದ ಮಸಿಯಾಗಿರಬೇಕಿತ್ತು. ಅದು ಅಂಚು ಕದಡದ ಒಂದೇ ಉಂಗುರ. ಅಂದರೆ ಬ್ಲಾಕು ಭಾನುವಾರದ ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೂ ಒಂದೇ ಕಡೆ ಬಿಗಿಯಾಗಿ, ತಪ್ಪು ಜಾಗದಲ್ಲಿ ಕೂತಿತ್ತು. ಮೊದಲ ಸುತ್ತಿನಿಂದಲೇ ಲಿಯೋನಾ ಬೋಲ್ಟನ್ನು ಕೈಯಿಂದ ಎಳೆಯುತ್ತಿದ್ದಳು. ಒಂದೊಂದೇ ತೋಟಾ ಹಾಕುವ ಸುತ್ತಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಹಾಗಾದರೆ ಬ್ಲಾಕಿನಲ್ಲಿದ್ದ ಇನ್ನೊಂದು ಉಂಗುರ, ಕಪ್ಪಗೆ ಗಟ್ಟಿಯಾದದ್ದು, ಎಲ್ಲಿಂದ ಬಂತು? ಮೂರು ಹಂಗಾಮಿನ ಮಸಿ ಅದು. ಅದರ ಜೋಡಿ ಗುರುತು ನಳಿಕೆಯ ಮೇಲೂ ಇರಬೇಕು. ಇರಲಿಲ್ಲ.

"ಬ್ಲಾಕಿಗೆ ಎರಡು ನಳಿಕೆ ಗೊತ್ತು, ಈ ನಳಿಕೆಗೆ ಒಂದೇ ದಿನ ಗೊತ್ತು. ಸಾವಿರಾರು ಗುಂಡು ದಾಟಿದ ತೂತಿನ ಅಂಚು ಬೆಂಕಿಗೆ ಸವೆದು ಮೊಂಡಾಗುತ್ತೆ. ಇದರದ್ದು ಹೊಸದು. ಲಿಯೋನಾ, ನಿನ್ನ ಗುಂಡು ಎಡಕ್ಕೆ ಹೋಗಿದ್ದು ಗಾಳಿಗಲ್ಲ. ಬೇರೆ ನಳಿಕೆ, ಬೇರೆ ಗುರಿ. ನೀನು ಭಾನುವಾರ ಹೊಡೆದಿದ್ದು ಶೈವ್ಲಿ ನಳಿಕೆಯಲ್ಲಿ ಅಲ್ಲ."

ಲಿಯೋನಾ ಮೇಜಿನ ಅಂಚನ್ನು ಹಿಡಿದುಕೊಂಡಳು.

ನಳಿಕೆ ಬದಲಿಸಿದವರು ಯಾರು? ಫಿಲಿಪಾ ಮುಂದುವರಿಸಿದರು. ಕೋಣೆಯ ಬೀಗದ ಕೈ ಮೂವರಲ್ಲಿತ್ತು, ಮೂವರಿಗೂ ಕೆಲಸ ಬರುತ್ತಿತ್ತು. ಬ್ಲಾಕಿನ ಹಿಂದಿನ ಅಂಚಿನಲ್ಲಿ ಹೊಳಪಿನ ಗೆರೆಯಿತ್ತು, ಮೆಟ್ಟಿಲಿಗೆ ಬಲವಾಗಿ ತಾಗಿದ ಗುರುತು. ಕ್ರಾಟ್ಸ್ ನಡುವೆ ಜಾಗ ಬಿಡುತ್ತಾನೆ. ಬಳೆಯಿಲ್ಲದ ರೈಫಲ್ಲುಗಳನ್ನೇ ದಿನವೂ ಕೂಡಿಸುವ ಕರ್ಟಿಸ್ ಕೂಡ ಬಿಡುತ್ತಾನೆ. ಇಬ್ಬರಿಗೂ ಗುಳಿಯಿಲ್ಲದೆ ಕೈ ಮುಂದೆ ಹೋಗದು. ಸೈನ್ಯದ ಡಿಪೋದಲ್ಲಿ ಮಾತ್ರ ಬ್ಲಾಕು ಕೂರಿಸುವವನ ಕೈಗೆ ಬರುವ ಹೊತ್ತಿಗೆ ಬಳೆ ಆಗಲೇ ನಳಿಕೆಯ ಮೇಲಿರುತ್ತದೆ. ಒತ್ತು, ತಾಗಿಸು, ಬಿಗಿ, ಅಷ್ಟೇ. ಅಳತೆಯನ್ನು ಬಳೆ ನೋಡಿಕೊಳ್ಳುತ್ತದೆ. ಬಳೆ ಇಲ್ಲದ ಕಡೆಯೂ ಆ ಕೈ ಹಾಗೆಯೇ ಒತ್ತಿತು. ತೂತಿನ ಒಂದು ಪಾಲು ಮುಚ್ಚಿ, ಬೋಲ್ಟಿಗೆ ಉಸಿರು ಸಾಲದಾಯಿತು. ಆ ವಾರ ಮೈದಾನ ಮುಚ್ಚಿದ್ದರಿಂದ ಹೊಡೆದು ನೋಡುವಂತೆಯೂ ಇರಲಿಲ್ಲ.

"ಭಾನುವಾರ ಬಿಚ್ಚೋವಾಗ ಮರ್ಲ್ ಹತ್ತಿರ ಇರ್ಲಿಲ್ಲ. ಜಾರಿದೆ ಅಂತ ಕೇಳ್ದ, ನಂಬಿದ. ತನ್ನ ಕೈ ತಪ್ಪಿದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಈಗ ಇನ್ನೊಂದ್ಸಲ ಮಾಡಿ ತೋರಿಸ್ದ."

ಎಲ್ಲರೂ ತಿರುಗಿದರು. ಹಾಪ್ಟ್ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದ. ಬೀಗದ ಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಎದ್ದು ಹೊರಗೆ ನಡೆದ. ಕರ್ಟಿಸ್ ಹಿಂದೆ ಹೋಗಲು ಎದ್ದಾಗ ಫಿಲಿಪಾ ಊರುಗೋಲು ಅಡ್ಡ ಹಿಡಿದರು. ಹಾಪ್ಟ್ ತನ್ನ ಟ್ರಕ್ಕಿನಿಂದ ಉಣ್ಣೆಯ ಕಂಬಳಿಯಲ್ಲಿ ಸುತ್ತಿದ ನಳಿಕೆಯನ್ನು, ಮಲಗಿದ ಮಗುವನ್ನು ತರುವಂತೆ ಎರಡೂ ಕೈಯಲ್ಲಿ ಹಿಡಿದು ಬಂದ.

ಅವನು ಹೇಳಿದ್ದು ಇಷ್ಟು. ಹನ್ನೊಂದು ವರ್ಷ ಶೈವ್ಲಿಯ ಅಂಗಡಿಯಲ್ಲಿ ಹೊರಮೈ ಕಡೆದವನು ಅವನು. ಒಳಗಿನ ಕೊನೆಯ ನಯದ ಹೊತ್ತಿಗೆ ಬಾಗಿಲು ಮುಚ್ಚುತ್ತಿತ್ತು. ಕೇಳಿದರೆ, ಹೇಳಲು ಏನೂ ಇಲ್ಲ ಮರ್ಲ್, ಸಾಕು ಅನ್ನಿಸುವವರೆಗೂ ಉಜ್ಜುವುದು ಎನ್ನುತ್ತಿದ್ದ ಶೈವ್ಲಿ. ಅವನು ಸತ್ತ ಮೇಲೆ, ಅದೇ ಅಂಗಡಿಯಲ್ಲಿ ಹೊರಮೈ ಕಡೆದಿಟ್ಟಿದ್ದ ನಳಿಕೆಯೊಂದನ್ನು ಹಾಪ್ಟ್ ತಾನೇ ಒಳಗೂ ಉಜ್ಜಿ ಮುಗಿಸಿದ. ಸಾಕು ಅನ್ನಿಸಲೇ ಇಲ್ಲ. ಗುರುವಿನ ಕೊನೆಯ ನಳಿಕೆ ಉಕ್ಕಿನ ಕೋಣೆಗೆ ಬಂದಾಗ ಒಂದು ವಾರದ ಮಟ್ಟಿಗೆ ಒಯ್ದು ಅಳೆದು, ಆ ಬಳಿಕ ಮೊದಲಿನಂತೆ ಹಾಕಿಡೋಣವೆಂದುಕೊಂಡ. ಅಲ್ಲಿಯವರೆಗೆ ತನ್ನದನ್ನು ರೈಫಲ್ಲಿಗೆ ಕೂಡಿಸಿದ. ಕೆಲವೇ ದಿನದ ಮಟ್ಟಿಗೆಂದು ತನ್ನ ನಳಿಕೆಗೆ ಗುಳಿಯ ಗಾಯ ಮಾಡಲು ಮನಸ್ಸು ಬರಲಿಲ್ಲ, ಸ್ಕ್ರೂಗಳನ್ನೇ ಜೀವ ಬಿಟ್ಟು ಬಿಗಿದ. ಅಳೆಯುವುದು ಮುಗಿಯುವ ಮೊದಲೇ ಭಾನುವಾರ ಬಂದುಬಿಟ್ಟಿತು.

"ಮತ್ತೆ ನನ್ನ ಹೆಸರು ಬೀದಿಗೆ ಬಿದ್ದಾಗ?" ಎಂದ ಕ್ರಾಟ್ಸ್. ದನಿ ಏರಲಿಲ್ಲ.

"ಎರಡು ಸಲ ನಿಮ್ಮ ಅಂಗಡಿ ಮುಂದೆ ಟ್ರಕ್ ನಿಲ್ಸಿದೆ. ಇಳಿಯೋಕಾಗ್ಲಿಲ್ಲ."

"ಇಳೀಬೇಕಿತ್ತು ಮರ್ಲ್."

"ಹೌದು."

ಲಿಯೋನಾ ಕಂಬಳಿಯಿಂದ ನಳಿಕೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. "ಅಳೆದಲ್ಲ, ಏನು ಸಿಕ್ತು?"

"ಏನೂ ಸಿಗ್ಲಿಲ್ಲ. ಈ ತುದಿಯಿಂದ ಆ ತುದಿವರೆಗೆ ನನ್ನ ಹತ್ರ ಇರೋ ಯಾವ ಮಾಪಕಕ್ಕೂ ವ್ಯತ್ಯಾಸ ಕಾಣಲ್ಲ. ಸೀಳಿ ನೋಡೋಣ ಅಂತ ಗರಗಸಕ್ಕೆ ಕಟ್ಟಿದೆ. ಗರಗಸ ಚಾಲೂ ಮಾಡೋಕೆ ಕೈ ಬರ್ಲಿಲ್ಲ."

ಲಿಯೋನಾ ಅದನ್ನು ಕಂಬಳಿಯ ಮೇಲೆ ಇಳಿಸಿದಳು. ಮೇಜಿನ ಮೇಲಿದ್ದ ಇನ್ನೊಂದು ನಳಿಕೆಯನ್ನು, ಗುಳಿಯಿಲ್ಲದ್ದನ್ನು, ಬೆರಳಿನಿಂದ ಮುಟ್ಟಿದಳು.

"ಮೊದಲನೇ ಸುತ್ತಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ," ಎಂದಳು. "ಡಾಕ್ಟ್ರು ಬರ್ಕೊಂಡಿದ್ದಾರೆ. ಗುರಿ ತಿದ್ಕೊಂಡ ಮೇಲೆ ಒಂದೂ ಆಚೆ ಹೋಗ್ಲಿಲ್ಲ. ನನ್ನ ನಳಿಕೆ ಅಂದ್ಕೊಂಡೇ ಹೊಡೆದೆ, ಬೇರೆ ಅಂತ ಅನ್ನಿಸ್ಲೇ ಇಲ್ಲ. ಅದು ನೀನು ಉಜ್ಜಿದ್ದು."

ಹಾಪ್ಟ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದು ಅವನ ಮುಖದ ಮೇಲೆ ನಿಧಾನವಾಗಿ ಕಾಣಿಸಿತು. ತಾನು ಕದ್ದು ಅಳೆದು ಹುಡುಕುತ್ತಿದ್ದ ವಸ್ತು ತನ್ನ ಕೈಯಲ್ಲೇ ಇತ್ತು, ಇಡೀ ಕಣಿವೆಯ ಎದುರು ಗೆಲ್ಲುತ್ತಲೂ ಇತ್ತು, ತಾನೇ ಒತ್ತಿ ಕೂರಿಸಿದ ಬ್ಲಾಕೊಂದು ಅದನ್ನು ಸೋಲಿಸಿತ್ತು. ಏಮಸ್ ಆ ಮುಖವನ್ನು ನೋಡಲಾರದೆ ನೆಲ ನೋಡಿದರು.

ಕಳವೆಂದು ಶೆರೀಫರಿಗೆ ತಿಳಿಸುವುದು ಬಿಡುವುದು ಲಿಯೋನಾಳ ಇಷ್ಟ ಎಂದರು ಅಧ್ಯಕ್ಷರು. ಸೋಮವಾರ ಹೇಳುತ್ತೇನೆ, ಈಗ ಹೇಳಿದರೆ ಸಿಟ್ಟು ಮಾತಾಡುತ್ತದೆ ಎಂದಳು ಅವಳು. ಆಮೇಲೆ ಯಾರೂ ಹೇಳದೆಯೇ ಒಂದು ಸಾಲು ಕಟ್ಟಿತು. ಒಬ್ಬೊಬ್ಬರಾಗಿ ಬಂದು ಶೈವ್ಲಿಯ ನಳಿಕೆಯೊಳಗೆ ಇಣುಕಿದರು, ಪಕ್ಕದಲ್ಲಿಟ್ಟ ಇನ್ನೊಂದರೊಳಗೂ ಇಣುಕಿದರು. ಕರ್ಟಿಸ್ ಎರಡನ್ನೂ ನೋಡಿ, ಮತ್ತೆ ಮೊದಲನೆಯದನ್ನು ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕ್ರಾಟ್ಸ್ ಸಾಲಿನಲ್ಲಿ ನಿಂತಿರಲಿಲ್ಲ. ಫಿಲಿಪಾ ಅವನನ್ನು ಹತ್ತಿರ ಕರೆದರು.

"ನೀನು ಕೇಳಿದ್ದಕ್ಕೆ ಉತ್ತರ ಕೊಡೋದು ಬಾಕಿ ಇದೆ. ಬ್ಲಾಕಿನಲ್ಲಿರೋ ಕಪ್ಪು ಉಂಗುರ ನೀನು ಕೂರಿಸಿದ ದಿನದಿಂದ ಬೆಳೆದದ್ದು. ಮೂರು ಹಂಗಾಮು, ಸಾವಿರಾರು ಗುಂಡು. ತೂತಿನ ನಡುವಿನಿಂದ ಎಷ್ಟು ಸರಿದಿದೆ ಅಂತ ನನ್ನ ಸೂಕ್ಷ್ಮದರ್ಶಕದಲ್ಲಿ ಅಳೆದೆ. ಅಳೆಯೋಕೆ ಏನೂ ಇರ್ಲಿಲ್ಲ ವೆಂಡೆಲ್."

ಮುದುಕ ಲಿಯೋನಾಳತ್ತ ತಿರುಗಿ, ಅವಳು ಟಪಾಲಿಗೆ ಹೊರಡುವುದು ಎಷ್ಟು ಹೊತ್ತಿಗೆ ಎಂದು ಕೇಳಿ, ಅದಕ್ಕೆ ಮುಂಚೆ ಬಂದರೆ ರೈಫಲ್ ಸಿದ್ಧವಿರುತ್ತದೆ ಎಂದ. ಅಧ್ಯಕ್ಷರು ಕ್ಷಮೆಯ ನಿರ್ಣಯವೊಂದನ್ನು ಓದಲು ಎದ್ದರು. ಅಷ್ಟರಲ್ಲಿ ಕ್ರಾಟ್ಸ್ ಶೈವ್ಲಿಯ ನಳಿಕೆಯನ್ನು ಕ್ಯಾನ್ವಾಸಿನಲ್ಲಿ ಸುತ್ತಿ ಕಂಕುಳಲ್ಲಿಟ್ಟು ಬಾಗಿಲ ಕಡೆ ಹೊರಟಾಗಿತ್ತು. ಹಿಂದಿನಿಂದ ಯಾರೋ, ತನ್ನ ರೈಫಲ್ ಟ್ರಕ್ಕಿನಲ್ಲೇ ಇದೆ, ಈಗಲೇ ತರಲೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ತನ್ನದೂ ಇದೆ ಎಂದರು ಇನ್ನೊಬ್ಬರು. ಬಾಗಿಲ ಬಳಿ ಐದಾರು ಮಂದಿ ಕೂಡಿದರು.

ಕ್ರಾಟ್ಸ್ ಹೊಸ್ತಿಲ ಮೇಲೆ ನಿಂತು ಅವರನ್ನೆಲ್ಲ ಒಮ್ಮೆ ನೋಡಿದ.

"ಸಾಲಾಗಿ ಬನ್ನಿ," ಎಂದ. "ಮೊದಲು ಎತ್ಕೊಂಡು ಹೋದೋರದ್ದು ಕೊನೇಲಿ."